ನಾನು ಅಳಿಸಿದ ಮೂವತ್ತೊಂದು ಸಾಲು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಮೊದಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ನೀರಿನಿಂದ, ಹೊಲಕ್ಕೆ ಹೊಡೆಯುವ ಕೀಟನಾಶಕದ ಎಣ್ಣೆಯಿಂದ, ಧೂಳಿನಿಂದ ಜನರ ಮೈಯೊಳಗೆ ಎಷ್ಟು ವಿಷ ಸೇರಿದೆ ಎಂದು ಅವರ ರಕ್ತ, ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಆ ಫಲಿತಾಂಶಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ತಪ್ಪು ತಿದ್ದಿ ಕಾಯುವವಳು ನಾನು. ಕಾರಟಗಿಯ ನಮ್ಮ ಮನೆಯಲ್ಲಿ ಹೀಗೆ ಬಿಡಿಸಿ ಹೇಳಿದ ದಿನ ದೊಡ್ಡಮ್ಮ ತಟ್ಟೆ ಸರಿಸಿ ಎದ್ದು ಹೋದರು. ಎಂ.ಎಸ್ಸಿ. ಓದಿದ ಹುಡುಗಿ ಕೂತು ಮಂದಿಯ ಉಚ್ಚೆಯ ಪಟ್ಟಿ ಬರೆಯುತ್ತಾಳಂತೆ ಎಂಬ ಸುದ್ದಿ ಗಂಗಾವತಿಯ ನೆಂಟರ ಮನೆ ಮುಟ್ಟಲು ಎರಡು ದಿನವೂ ಬೇಕಾಗಲಿಲ್ಲ. ಆಮೇಲೆ ನಾನೂ ಜಾಣಳಾದೆ. ಕೇಳಿದವರಿಗೆಲ್ಲ 'ಡೇಟಾ ಮ್ಯಾನೇಜರ್' ಎಂದೆ. ಅರ್ಥವಾಗದ ಮಾತಿಗೆ ಇರುವ ಮರ್ಯಾದೆ ಅರ್ಥವಾಗುವ ಕೆಲಸಕ್ಕೆ ಇಲ್ಲ.

ಕೊಪ್ಪಳದಲ್ಲಿ ನಮ್ಮ ಕಚೇರಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿತ್ತು. ಅಡುಗೆಮನೆಯಲ್ಲಿ ಬಾಟಲಿಗಳನ್ನಿಡುವ ಫ್ರೀಜರ್, ದೇವರ ಕೋಣೆಯಲ್ಲಿ ಪ್ರಿಂಟರ್, ಪಡಸಾಲೆಯಲ್ಲಿ ನಾವು ನಾಲ್ಕು ಜನ. ನಮ್ಮನ್ನು ಆಳುತ್ತಿದ್ದವರು ಬೆಂಗಳೂರಿನ ಒಬ್ಬ ಸಲಹೆಗಾರರು, ಅಂಕಿಅಂಶದಲ್ಲಿ ಭಾರೀ ಪಂಡಿತರು. ಪ್ರತಿ ಸೋಮವಾರ ಹತ್ತು ಗಂಟೆಗೆ ಪರದೆಯ ಮೇಲೆ ಅವರ ಮುಖ ಮೂಡುತ್ತಿತ್ತು. ಕುಷ್ಟಗಿ ತಾಲ್ಲೂಕಿನ ಪ್ರತಿ ಹಳ್ಳಿಯನ್ನೂ ಅವರು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಬಲ್ಲವರಾಗಿದ್ದರು. ಒಂದರಲ್ಲೂ ಬಸ್ಸಿನಿಂದ ಇಳಿದವರಲ್ಲ.

ಅವರ ಮಾತಿಗೆ ಎದುರಿಲ್ಲ. ವಯಸ್ಸು ಗೊತ್ತಿಲ್ಲದವರಿಗೆ 999 ಎಂದು ತುಂಬಿ ಎಂದರು. ನಮ್ಮ ಕಡೆಯ ಮುದುಕರಲ್ಲಿ ವಯಸ್ಸು ಗೊತ್ತಿರುವವರು ಎಷ್ಟು ಜನ? ತುಂಬಿದೆವು. ಮುಂದಿನ ವರದಿಯಲ್ಲಿ ಕುಷ್ಟಗಿ ಕಡೆಯ ಒಂದು ಹಳ್ಳಿಯ ಸರಾಸರಿ ವಯಸ್ಸು ಇನ್ನೂರು ದಾಟಿತ್ತು. ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದ ಅಧಿಕಾರಿ ತಲೆಯೆತ್ತದೆ ಮುಂದಿನ ಸಾಲಿಗೆ ಹೋದರು. ಕೇಳಿಸಿಕೊಂಡ ಹತ್ತು ಹನ್ನೆರಡು ಜನ ಚಹಾ ಕುಡಿದರು. ಇನ್ನೂರು ವರ್ಷ ಬದುಕುವ ಊರಿದ್ದರೆ ಅಲ್ಲಿ ಏನು ತಿನ್ನುತ್ತಾರೆಂದಾದರೂ ಒಬ್ಬರು ಕೇಳಬೇಕಿತ್ತು.

ಹೀಗೆ ಬೇರೆಯವರನ್ನು ಆಡಿಕೊಳ್ಳುವುದು ನನಗೆ ಸಲೀಸು. ಆದರೆ ಇಲ್ಲಿ ಹೇಳಲು ಹೊರಟಿರುವ ತಪ್ಪು ನನ್ನದು. ಅದಕ್ಕೆ ಮೊದಲು ನನ್ನ ತಲೆಯೊಳಗೆ ಏನಿತ್ತೆಂದು ಹೇಳಬೇಕು. ನಾನು ಕಾಲುವೆ ಸೀಮೆಯವಳು. ಮನೆಯ ಹಿತ್ತಲಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ ನೋಡುತ್ತಾ ಬೆಳೆದವರಿಗೆ ಯಲಬುರ್ಗಾ, ಕುಷ್ಟಗಿಯ ಒಣ ಸೀಮೆಯವರೆಂದರೆ ಒಳಗೊಳಗೇ ಒಂದು ಸಸಾರ. ಸಜ್ಜೆ ರೊಟ್ಟಿ ತಿನ್ನುವವರು, ಬಸ್ ಸ್ಟ್ಯಾಂಡಿನಲ್ಲಿ ಕುಕ್ಕರಗಾಲಲ್ಲಿ ಕೂರುವವರು, ಹೇಳಿದ್ದು ಅರ್ಥವಾಗದವರು. ಇದನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಓದಿದವಳಲ್ಲವೇ, ಬಾಯಿ ಬಿಡದೆ ನಂಬುತ್ತಿದ್ದೆ.

ಆ ವರ್ಷ ನಮಗೆ ಬಂದದ್ದು ಫ್ಲೋರೈಡಿನ ಕೆಲಸ. ಒಣ ಸೀಮೆಯ ಬೋರಿನ ನೀರಿನಲ್ಲಿ ಅದು ಹೆಚ್ಚು. ಕುಡಿದವರಿಗೆ ಮೊದಲು ಹಲ್ಲು ಕಂದುಗಟ್ಟುತ್ತವೆ. ವರ್ಷಗಟ್ಟಲೆ ಕುಡಿದರೆ ಮೂಳೆ ಬಿರುಸಾಗಿ ಸೊಂಟ, ಮೊಣಕಾಲು ಹಿಡಿದುಕೊಳ್ಳುತ್ತವೆ. ಪ್ರತಿ ಮನೆಯಿಂದ ಎರಡು ಪ್ಲಾಸ್ಟಿಕ್ ಬಾಟಲಿ ತರಿಸುವುದು ನಮ್ಮ ಪದ್ಧತಿ: ಒಂದರಲ್ಲಿ ಮನೆಯವರೊಬ್ಬರ ಮುಂಜಾನೆಯ ಮೂತ್ರ, ಇನ್ನೊಂದರಲ್ಲಿ ಆ ಮನೆಯವರು ಕುಡಿಯುವ ನೀರು. ಎರಡರಲ್ಲೂ ಫ್ಲೋರೈಡ್ ಹೆಚ್ಚಿದ್ದರೆ ಆ ಊರಿನ ಹೆಸರು ಪಟ್ಟಿಗೆ ಸೇರುತ್ತದೆ. ಪಟ್ಟಿಯಲ್ಲಿದ್ದ ಊರಿಗೆ ನದಿ ನೀರಿನ ಪೈಪು ಮೊದಲು ಬರುತ್ತದೆ. ಊರಿನ ಬೋರ್‌ಗಳನ್ನೇ ನೇರವಾಗಿ ಪರೀಕ್ಷಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅದು ಬೇರೆ ಕಚೇರಿಯ ಕೆಲಸ. ಅವರ ಕಡತ ನಮಗೆ ಕೊಡುವುದಿಲ್ಲ, ನಮ್ಮದನ್ನು ಅವರು ಕೇಳುವುದಿಲ್ಲ. ಎರಡು ಕಚೇರಿಗಳ ನಡುವೆ ಒಂದು ರಸ್ತೆ ಇತ್ತು, ಅಷ್ಟೇ.

ಯಲಬುರ್ಗಾದಿಂದ ಒಳಗಿರುವ ಒಂದು ಹಳ್ಳಿಯಿಂದ ಮೂವತ್ತೊಂದು ಮನೆಗಳ ಬಾಟಲಿ ಬಂದವು. ತಂದವರು ಆ ಊರಿನ ಆಶಾ ಕಾರ್ಯಕರ್ತೆ, ಐವತ್ತರ ಹತ್ತಿರದ ಹೆಂಗಸು. ಐಸ್ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೊಪ್ಪಳದ ತನಕ ಬಂದು, ಸೊಂಟಕ್ಕೆ ಒಂದು ಕೈ ಕೊಟ್ಟು ನಮ್ಮ ಮೆಟ್ಟಿಲು ಹತ್ತಿದ್ದರು. ಪೆಟ್ಟಿಗೆ ಕೆಳಗಿಟ್ಟು, ಬಗ್ಗಿ, ಒಂದೊಂದೇ ಬಾಟಲಿ ಎತ್ತಿ ಚೀಟಿ ತೋರಿಸಿ ಒಪ್ಪಿಸಿದರು. ತಮ್ಮ ಬಾಟಲಿಯನ್ನೂ ತಂದಿದ್ದರು. ನನ್ನ ಸಹಿ ತೆಗೆದುಕೊಂಡೇ ಹೋದರು. ಅಷ್ಟು ಅಚ್ಚುಕಟ್ಟು ನಮ್ಮ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ.

ಫಲಿತಾಂಶ ಬಂದಾಗ ವಿಚಿತ್ರವಾಗಿತ್ತು. ಮೂವತ್ತೊಂದು ಜನರ ಮೂತ್ರದಲ್ಲೂ ಫ್ಲೋರೈಡ್ ಮಿತಿ ಮೀರಿತ್ತು. ಆ ಆಶಾ ಕಾರ್ಯಕರ್ತೆಯದು ಎಲ್ಲರಿಗಿಂತ ಹೆಚ್ಚು. ಆದರೆ ಮೂವತ್ತೊಂದು ಮನೆಯ ನೀರು ಶುದ್ಧ. ಬರೀ ಶುದ್ಧವಲ್ಲ, ಎಲ್ಲ ಮನೆಗಳಲ್ಲೂ ಹೆಚ್ಚುಕಮ್ಮಿ ಒಂದೇ ಅಂಕಿ. ಓಣಿ ಬೇರೆ, ಬೋರ್ ಬೇರೆ, ನೀರು ಮಾತ್ರ ಒಂದೇ! ತಲೆ ಇದ್ದವರಿಗೆ ಅಲ್ಲೇ ಅನುಮಾನ ಹುಟ್ಟಬೇಕಿತ್ತು. ನಾನು ಅದರ ಪಕ್ಕದಲ್ಲಿ 'ಗುಣಮಟ್ಟ ಉತ್ತಮ' ಎಂದು ಬರೆದೆ.

ನೀರು ಚೆನ್ನಾಗಿದ್ದರೆ ಮೈಯೊಳಗೆ ವಿಷ ಎಲ್ಲಿಂದ ಬಂತು? ನನ್ನ ತೀರ್ಮಾನ ಸಿದ್ಧವಾಗಿತ್ತು. ಒಣ ಸೀಮೆಯ ಹಳ್ಳಿ ಹೆಂಗಸು, ಚೀಟಿ ಅದಲುಬದಲು ಮಾಡಿದ್ದಾಳೆ, ಇಲ್ಲವೇ ಬಾಟಲಿ ತೊಳೆಯದೆ ಹಿಡಿಸಿದ್ದಾಳೆ. ಆಕೆ ಒಂದೊಂದೇ ಚೀಟಿ ತೋರಿಸಿ ಒಪ್ಪಿಸಿದ್ದು ನನಗೆ ನೆನಪಿತ್ತು. ನೆನಪಿದ್ದೂ ಹಾಗೆ ಅಂದುಕೊಂಡೆ. ಸೋಮವಾರದ ಸಭೆಯಲ್ಲಿ ನಾನೇ ಒಂದು ನಿಯಮ ಮುಂದಿಟ್ಟೆ: ಮನೆಯ ನೀರಿಗೂ ಮನೆಯವರ ಮೂತ್ರಕ್ಕೂ ತಾಳೆಯಾಗದಿದ್ದರೆ ಮೂತ್ರದ ಸಾಲನ್ನು ತೆಗೆದು ಹಾಕುವುದು.

"ಸೂಪರ್ ಮೇಡಂ, ಕ್ಲೀನಾಗಿದೆ" ಎಂದರು ಬೆಂಗಳೂರಿನ ಪಂಡಿತರು. "ಔಟ್‌ಲೈಯರ್ ಕಣ್ರೀ ಅವೆಲ್ಲ. ತೆಗೀರಿ, ಇಟ್ಕೊಂಡು ಏನ್ ಮಾಡ್ತೀರಾ?"

ಔಟ್‌ಲೈಯರ್ ಎಂದರೆ ಗುಂಪಿಗೆ ಸೇರದ ಅಂಕಿ. ಮೂವತ್ತೊಂದಕ್ಕೆ ಮೂವತ್ತೊಂದೂ ಗುಂಪಿಗೆ ಸೇರದವಾದರೆ ಆ ಗುಂಪಿನಲ್ಲಿ ಉಳಿಯುವವರು ಯಾರು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಳಿಸಿದೆ. ಕೀಲಿಮಣೆಯ ಮೇಲೆ ಒಂದು ಗುಂಡಿ ಒತ್ತುವ ಕೆಲಸ. ಆ ತಿಂಗಳು ಪಂಡಿತರು ನನ್ನನ್ನು ಎಲ್ಲರೆದುರು ಹೊಗಳಿದರು, ನಾನು ಹಲ್ಲು ಕಿರಿದೆ.

ಪಟ್ಟಿ ಪ್ರಕಟವಾದ ವಾರವೇ ಆ ಆಶಾ ಕಾರ್ಯಕರ್ತೆ ಫೋನ್ ಮಾಡಿದರು.

"ಮೇಡಮ್ಮಾರ, ನಮ್ಮೂರ ಹೆಸರು ಪಟ್ಟ್ಯಾಗ ಇಲ್ಲಂತಲ್ರಿ?"

"ನಿಮ್ಮೂರ ನೀರಾಗ ಏನೂ ಸಿಕ್ಕಿಲ್ರಿ ಅಕ್ಕಾರ" ಎಂದೆ.

"ಹೌದಾ? ಇರಲಿ. ನಂದು ಎಷ್ಟು ಬಂದೈತಿ, ಅದನ್ನರ ಹೇಳ್ರಿ. ಎಲಬಿನ ಡಾಕ್ಟರ್ ಕೇಳ್ಯಾರ. ಸೊಂಟ ಇನ್ನಾ ಪೂರ್ತಿ ಹಿಡಿದಿಲ್ಲ, ಈ ವರ್ಷ ನೀರು ಬದಲಿ ಆತಂದ್ರ ಇಲ್ಲಿಗೆ ನಿಂದ್ರಬಹುದು, ಇಲ್ಲಂದ್ರ ಮುಂದ ಬಗ್ಗಾಕ ಬರೂದಿಲ್ಲ ಅಂದಾರ್ರಿ."

ಅಳಿಸಿದ ಸಾಲಿನಲ್ಲಿ ಏನಿತ್ತೆಂದು ಹೇಳುವುದು ಹೇಗೆ? "ನಿಮ್ಮ ಬಾಟ್ಲಿ ಕೆಟ್ಟಿತ್ರಿ, ಲೆಕ್ಕಕ್ಕ ತಗೊಂಡಿಲ್ಲ" ಎಂದುಬಿಟ್ಟೆ.

"ಕೆಟ್ಟಿತ್ತ? ಮುಂಜಾನೆದ್ದು ಹಿಡಿದು, ಐಸಿನ ಪೆಟಿಗ್ಯಾಗ ಇಟ್ಟು, ನಾನ ಹೊತ್ಕೊಂಡು ಬಂದು ನಿಮ್ಮ ಕೈಯಾಗ ಕೊಟ್ಟೀನಿ. ಹ್ಯಾಂಗ ಕೆಡತೈತ್ರಿ ಅದು? ನೀವು ಒಮ್ಮೆ ಬಂದು ನೋಡ್ರಿ ಮೇಡಮ್ಮಾರ."

ಹೋದೆ. ಹೋದದ್ದು ಪಶ್ಚಾತ್ತಾಪದಿಂದಲ್ಲ. ಆಕೆ ಬಾಟಲಿ ಹೇಗೆ ಕೆಡಿಸಿದಳೆಂದು ಅಲ್ಲೇ ತೋರಿಸಿಕೊಟ್ಟು ಬರಬೇಕು ಎಂಬ ಹಟದಿಂದ. ಯಲಬುರ್ಗಾಕ್ಕೆ ಬಸ್ಸು, ಅಲ್ಲಿಂದ ಟಂಟಂ ಆಟೊ. ಹೊರಡುವ ಮುಂಚೆ ಹದಿನಾಲ್ಕು ಜನ ತುಂಬಿದ ಮೇಲೆ ಹದಿನೈದನೆಯವಳಾಗಿ ನನ್ನನ್ನು ಹತ್ತಿಸಿಕೊಂಡ ಡ್ರೈವರು, ಇಳಿಯುವಾಗ "ಆರಾಮ ಆತೇನ್ರಿ?" ಎಂದು ಬೇರೆ ಕೇಳಿದ.

ಆ ಆಶಾ ಕಾರ್ಯಕರ್ತೆ ಮನೆಯಲ್ಲಿ ಒಬ್ಬರೇ ಇದ್ದರು, ಸೊಸೆ ಹೊಲಕ್ಕೆ ಹೋಗಿದ್ದಳು. ನಾನು ಕಟ್ಟೆಯ ಮೇಲೆ ಕೂರುವಷ್ಟರಲ್ಲಿ ಅವರು ಮೂಲೆಗೆ ಹೋದರು. ಗೋಡೆಗೆ ಒಂದು ಕೈ ಊರಿ, ಮೆಲ್ಲಗೆ ಬಗ್ಗಿ, ಬಿಳಿ ವಸ್ತ್ರ ಮುಚ್ಚಿದ್ದ ನೀಲಿ ಕ್ಯಾನಿನಿಂದ ಸ್ಟೀಲ್ ಗ್ಲಾಸಿಗೆ ನೀರು ಬಗ್ಗಿಸಿ ತಂದುಕೊಟ್ಟರು. ಕುಡಿದೆ. ರುಚಿಯೇ ಇಲ್ಲದ ನೀರು, ಕೊಪ್ಪಳದಲ್ಲಿ ನಾವು ಕುಡಿಯುವಂಥದ್ದೇ. ಅದೇ ಹೊತ್ತಿಗೆ ಹೊಲದಿಂದ ಬಂದ ಸೊಸೆ ಒಳಗೆ ನಡೆದು, ಇನ್ನೊಂದು ಮೂಲೆಯ ಮಣ್ಣಿನ ಗಡಿಗೆಯಿಂದ ಒಂದು ಚರಗಿ ನೀರು ಮೊಗೆದು ಗಟಗಟ ಕುಡಿದಳು.

"ಆ ಗಡಿಗ್ಯಾಗಿನ ನೀರು ಯಾವುದ್ರಿ?" ಎಂದೆ.

"ಅದು ಗುಮ್ಮಿ ನೀರ್ರಿ, ನಮಗ" ಎಂದರು. ಬೋರಿನ ನೀರು ತುಂಬುವ ಊರ ತೊಟ್ಟಿಗೆ ಅಲ್ಲಿ ಗುಮ್ಮಿ ಎನ್ನುತ್ತಾರೆ. "ಇದು ಫಿಲ್ಟರ್ ನೀರು. ಬಾಜೂ ಊರಿನ ಮಷಿನ್ನಿಂದ ತರಸ್ತೀವ್ರಿ. ಅದು ನಡದ್ರ ನಡೀತು, ಇಲ್ಲಂದ್ರ ಇಲ್ಲ. ಬಂದವ್ರಿಗೆ, ಬೀಗರಿಗೆ, ಚಹಾಕ್ಕ ಇಟ್ಟಿರ್ತೀವಿ."

ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟೆ. "ಬಾಟ್ಲ್ಯಾಗ ತುಂಬಿ ಕೊಟ್ಟಿದ್ದು ಯಾವ ನೀರು ಅಕ್ಕಾರ?"

"ಇದ ಕ್ಯಾನಿನ ನೀರ್ರಿ!" ಎಂದರು ಹೆಮ್ಮೆಯಿಂದ. "ದವಾಖಾನಿಂದ ಬಾಟ್ಲಿ ಕಳ್ಸ್ಯಾರ, ದೊಡ್ಡ ದೊಡ್ಡ ಮಂದಿ ನೋಡವ್ರದಾರ. ಅದಕ್ಕ ಗುಮ್ಮಿ ನೀರು ಹ್ಯಾಂಗ ತುಂಬಾಕ ಬರ್ತೈತ್ರಿ? ಕ್ಯಾನ್ ಇಲ್ಲದ ಮನ್ಯಾಗಿನವ್ರು ನಮ್ಮನಿಗೆ ಬಂದು ತುಂಬಿಸ್ಕೊಂಡು ಹೋದ್ರು. ಯಾರೂ ಹಲಕಟ್ ನೀರು ಕೊಟ್ಟಿಲ್ರಿ."

ಮನೆ ಬಾಗಿಲಿಗೆ ಬಂದವರಿಗೆ ಮನೆಯಲ್ಲಿರುವುದರಲ್ಲಿ ಒಳ್ಳೆಯದನ್ನು ಕೊಡಬೇಕು. ನಮ್ಮ ಖಾಲಿ ಬಾಟಲಿಯನ್ನೂ ಅವರು ಬಾಗಿಲಿಗೆ ಬಂದವರಂತೆ ಕಂಡು ಸತ್ಕಾರ ಮಾಡಿದ್ದರು. ಇಡೀ ಊರು ಸೇರಿ, ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುತ್ತಿದ್ದೇವೆಂದು ತಿಳಿಯದೆ, ಅಷ್ಟು ಅಚ್ಚುಕಟ್ಟಾಗಿ.

"ಮೂತ್ರ ಮಾತ್ರ ಹ್ಯಾಂಗಿತ್ತೋ ಹಾಂಗ ಕೊಟ್ವಿ" ಎಂದರು ಅವರೇ, ಒಂದಿಷ್ಟು ನಾಚಿಕೊಂಡು. "ಅದು ಹೊಟ್ಟ್ಯಾಗಿಂದಲ್ರಿ, ಅದನ್ನ ಆರಿಸಿ ಕೊಡಾಕ ಬರೂದಿಲ್ಲ."

ಎಷ್ಟು ಸರಿಯಾದ ಮಾತು! ಇದೊಂದು ಮಾತು ನಮ್ಮ ಪಂಡಿತರ ಇಡೀ ಪುಸ್ತಕದ ಕಪಾಟಿನಲ್ಲಿ ಇರಲಿಲ್ಲ. ನನ್ನ ಎಂ.ಎಸ್ಸಿ.ಯಲ್ಲೂ ಇರಲಿಲ್ಲ. ಜನ ಆರಿಸಿ ಕೊಟ್ಟ ನೀರನ್ನು ನಂಬಿದೆ, ಆರಿಸಲು ಬಾರದ ಅವರ ಮೈಯನ್ನು ಸುಳ್ಳೆಂದು ಅಳಿಸಿದೆ. ಆ ಕಟ್ಟೆಯ ಮೇಲೆ ಕೂತು ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು.

"ನೀವರ ಈ ಕ್ಯಾನಿನ ನೀರು ಕುಡೀಬಾರದೇನ್ರಿ? ಡಾಕ್ಟರ್ ಹೇಳ್ಯಾರಲ್ಲ" ಎಂದೆ.

"ಹೊಲದಿಂದ ಬಂದ ಸೊಸಿಗೆ ಗುಮ್ಮಿ ನೀರು ಕುಡಿಸಿ, ನಾ ಮನ್ಯಾಗ ಕುಂತಾಕಿ ಇದನ್ನ ಕುಡೀಲೇನ್ರಿ?" ಎಂದು ನನ್ನನ್ನೇ ಗದರಿದರು.

ಗುಮ್ಮಿಯ ನೀರನ್ನು ನಾನೇ ಒಂದು ಬಾಟಲಿಗೆ ತುಂಬಿಕೊಂಡು ಬಂದೆ. ಫಲಿತಾಂಶ ಹೇಳಬೇಕಾಗಿಲ್ಲ. ಸೋಮವಾರ ಪರದೆಯ ಮುಂದೆ ಕೂತು ಎಲ್ಲ ಹೇಳಿದೆ: ನಿಯಮ ನನ್ನದು, ತಪ್ಪು ನನ್ನದು, ಮೂಲ ಅಂಕಿಗಳು ನನ್ನ ಬಳಿ ಇವೆ, ಮೂವತ್ತೊಂದು ಸಾಲನ್ನೂ ಇವತ್ತೇ ಮರಳಿ ಹಾಕುತ್ತೇನೆ, ಪಟ್ಟಿ ತಿದ್ದಿಸಿ.

ಪಂಡಿತರು ಕನ್ನಡಕ ತೆಗೆದು ಒರೆಸಿಕೊಂಡರು. "ಫೈಲ್ ಫ್ರೀಜ್ ಆಗಿದೆ ಮೇಡಂ. ಪಟ್ಟಿಗೆ ಸಹಿನೂ ಬಿದ್ದಿದೆ. ಈಗ ತಿದ್ದಿದ್ರೆ ಇಡೀ ಡೇಟಾ ಮೇಲೇ ಅನುಮಾನ ಬರುತ್ತೆ. ಮುಂದಿನ ರೌಂಡಲ್ಲಿ ನೋಡೋಣ."

"ಅಲ್ಲಿಯವರೆಗೆ ಅವರು ಅದೇ ನೀರು ಕುಡಿಯಬೇಕಲ್ಲ ಸರ್."

"ನಿಮ್ಮ ಫೀಲಿಂಗ್ ಅರ್ಥ ಆಗುತ್ತೆ" ಎಂದರು. ಆಮೇಲೆ ಅವರ ಮುಖ ಬೆಳಗಿತು. "ಆದ್ರೆ ಇದು ತುಂಬಾ ಇಂಟರೆಸ್ಟಿಂಗ್ ಕಣ್ರೀ. ಒಂದು ಪೇಪರ್ ಬರೀಬಹುದು."

ಡೇಟಾದ ಮೇಲೆ ಅನುಮಾನ ಬರಬಾರದಂತೆ! ಸುಳ್ಳು ಹೇಳುತ್ತಿದ್ದ ಡೇಟಾದ ಮಾನ ಕಾಪಾಡಲು ಒಂದು ಊರು ಇನ್ನೊಂದು ವರ್ಷ ಬೋರಿನ ನೀರು ಕುಡಿಯಬೇಕಿತ್ತು. ಕೊಪ್ಪಳದಲ್ಲಿ ನಾಲ್ಕು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದೆ. ಒಬ್ಬರು ಅರ್ಜಿ ಕೊಡಿ ಎಂದರು, ಕೊಟ್ಟೆ. ಇನ್ನೊಬ್ಬರು ಅರ್ಜಿಯ ಜೊತೆ ದೃಢೀಕರಿಸಿದ ಅಂಕಿಅಂಶ ಲಗತ್ತಿಸಿ ಎಂದರು. ದೃಢೀಕರಿಸಬೇಕಾದವರು ಯಾರೆಂದು ಕೇಳಿದರೆ ನಮ್ಮ ಕಚೇರಿಯ ಹೆಸರೇ ಹೇಳಿದರು. ಕೆಲಸ ಬಿಟ್ಟುಬಿಡುವ ಯೋಚನೆಯೂ ಬಂತು. ಬಿಡಲಿಲ್ಲ. ನನ್ನ ಜಾಗಕ್ಕೆ ಬರುವವರು ಆ ಸಾಲುಗಳನ್ನು ಹುಡುಕುವುದೂ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅರ್ಧ ನಿಜ, ಅರ್ಧ ಸಂಬಳದ ಆಸೆ.

ಮುಂದಿನ ಸುತ್ತಿಗೆ ಪ್ರಶ್ನೆ ಬದಲಿಸಿದೆ. 'ಕುಡಿಯುವ ನೀರು ಕೊಡಿ' ಎಂಬುದನ್ನು ಹೊಡೆದುಹಾಕಿ 'ದಿನವೂ ಕುಡಿಯುವ ನೀರನ್ನೇ ಕೊಡಿ' ಎಂದು ಬರೆದು ಆ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ನಕ್ಕರು.

"ಅದಕೂ ಕ್ಯಾನ್ ನೀರ ಕೊಡ್ತಾರ್ರಿ. ರೊಟ್ಟಿ ಹಿಟ್ಟು ನಾದಾಕ ಯಾವ ನೀರು ತಗೊಂತಿ, ಅದನ್ನ ಕೊಡು ಅನ್ರಿ. ಹಿಟ್ಟಿಗೆ ಯಾರೂ ಫಿಲ್ಟರ್ ನೀರು ಹಾಕೂದಿಲ್ಲ."

ಹಾಗೇ ಬರೆದೆ. ಪಂಡಿತರು ಇದು ವೈಜ್ಞಾನಿಕ ಭಾಷೆಯಲ್ಲ ಎಂದು ಎರಡು ಸೋಮವಾರ ಗೊಣಗಿದರು, ಮೂರನೆಯ ಸೋಮವಾರ ಒಪ್ಪಿದರು. ಆ ಸಲ ನೀರೂ ಮೂತ್ರವೂ ತಾಳೆಯಾದವು, ಊರಿನ ಹೆಸರು ಪಟ್ಟಿಗೆ ಬಂತು. ಬಂದ ಮೇಲೆ ಪೈಪಿಗೆ ಗುಂಡಿ ತೋಡಲು ಕೆಲವು ತಿಂಗಳು, ತೋಡಿದ ಗುಂಡಿ ಮುಚ್ಚಿಹೋಗಿ ಮತ್ತೆ ತೋಡಲು ಕೆಲವು ತಿಂಗಳು. ಕಡೆಗೆ ನಲ್ಲಿಯಲ್ಲಿ ನದಿ ನೀರು ಬರುವಷ್ಟರಲ್ಲಿ ನಾನು ಅಳಿಸಿದ ದಿನದಿಂದ ಎರಡು ವರ್ಷವೇ ಆಗಿತ್ತು.

ನೀರು ಬಂದು ಆರು ತಿಂಗಳಿಗೆ ಪರಿಣಾಮ ನೋಡಲೆಂದು ಮತ್ತೆ ಬಾಟಲಿ ತರಿಸಿದೆವು. ಎಲ್ಲರ ಅಂಕಿಯೂ ಇಳಿದಿತ್ತು. ಆ ಅಕ್ಕನದು ಎಲ್ಲರಿಗಿಂತ ಹೆಚ್ಚು ಇಳಿದು ಮಿತಿಯೊಳಗೆ ಬಂದಿತ್ತು. ಪಂಡಿತರು ಅದನ್ನು ದೊಡ್ಡ ಹಸಿರು ಬಾಣವಾಗಿ ಮಾಡಿ ಸಭೆಯಲ್ಲಿ ತೋರಿಸಿದರು. 'ಗುಣಮುಖ' ಎಂಬ ಕಾಲಮ್ಮಿನಲ್ಲಿ ಅವರ ಸಾಲಿನ ಮುಂದೆ 'ಹೌದು' ಎಂದು ಬಿತ್ತು. ಸೊಂಟಕ್ಕೆ ನಮ್ಮಲ್ಲಿ ಕಾಲಮ್ಮು ಇರಲಿಲ್ಲ.

ಫಲಿತಾಂಶದ ಕಾರ್ಡು ಕೊಡಲು ನಾನೇ ಹೋದೆ. ಈ ನಡುವೆ ಅವರು ಮನೆಮನೆ ತಿರುಗುವ ಕೆಲಸ ಬಿಟ್ಟಿದ್ದರು. ಮಂಚದ ಮೇಲೆ, ಬೆನ್ನಿಗೆ ಹಲಗೆ ಕಟ್ಟಿದಷ್ಟು ನೆಟ್ಟಗೆ ಕೂತಿದ್ದರು. ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು "ಓದಿ ಹೇಳ್ರಿ" ಎಂದರು.

"ಭಾಳ ಇಳದೈತ್ರಿ ಅಕ್ಕಾರ. ಈಗ ಎಲ್ಲಾರಂಗ ಆಗೈತಿ."

ಅವರ ಮುಖ ಅರಳಿತು. "ಹಂಗಾದ್ರ ಇನ್ನ ಮ್ಯಾಲೆ ಬಗ್ಗಾಕ ಬರ್ತೈತೇನ್ರಿ?"

ಮೂತ್ರದ ಅಂಕಿ ತಿಂಗಳುಗಳಲ್ಲಿ ಇಳಿಯುತ್ತದೆ, ಹಿಡಿದುಕೊಂಡ ಮೂಳೆ ಬಿಡುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಒಮ್ಮೆ ಅವರಿಗೆ ಸುಳ್ಳು ಹೇಳಿದ್ದೆ, ಇನ್ನೊಮ್ಮೆ ಹೇಳಲು ಬಾಯಿ ಬರಲಿಲ್ಲ.

"ಇಲ್ರಿ ಅಕ್ಕಾರ" ಎಂದೆ.

ಅವರು ತಲೆಯಾಡಿಸಲು ಹೋದರು. ಕುತ್ತಿಗೆಯೂ ಅಷ್ಟಾಗಿ ಆಡುತ್ತಿರಲಿಲ್ಲ. ಮಂಚದ ಅಂಚು ಹಿಡಿದು ಸ್ವಲ್ಪ ಸರಿದು ಕೂತಾಗ ಕಾರ್ಡು ತೊಡೆಯಿಂದ ಜಾರಿ ಕೆಳಗೆ ಬಿತ್ತು. ಅವರು ಅದರ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ನಾನು ಬಗ್ಗಿ ಎತ್ತಿಕೊಟ್ಟೆ. ಅವರ ಸಾಲನ್ನು ನಾನು ಅಳಿಸಿದ ದಿನಗಳಲ್ಲಾಗಿದ್ದರೆ, ಬಿದ್ದ ಕಾರ್ಡನ್ನು ಅವರೇ ಬಗ್ಗಿ ಎತ್ತಿಕೊಳ್ಳುತ್ತಿದ್ದರು.